ತಲೆಮರೆಸಿಕೊಂಡ ಹುಳು

ಯಾರ ಕಣ್ಣಿಗೂ ಬೀಳದಿದ್ದರೂ ಮನೆಮನೆಯಲ್ಲೂ ಅಪರಾಧಿಯೆಂದು ತೀರ್ಮಾನವಾಗಿರುವ ಪ್ರಾಣಿಯೊಂದು ನಮ್ಮ ನಾಡಿನಲ್ಲಿದೆ. ಅದೇ ಮಕ್ಕಳ ಹಲ್ಲು ತಿನ್ನುವ ಹುಳು. ಮಗು ಕೆನ್ನೆ ಹಿಡಿದುಕೊಂಡು ಅತ್ತ ಕೂಡಲೇ ಅಜ್ಜಿಯಿಂದ ಅಪ್ಪನವರೆಗೆ ಎಲ್ಲರೂ ‘ಹುಳ ಹಿಡಿದಿದೆ’ ಎಂದು ಒಮ್ಮತದ ತೀರ್ಪು ಕೊಡುವುದರಿಂದ, ಅಡುಗೆಮನೆಯ ಸಕ್ಕರೆ ಡಬ್ಬಿಯನ್ನು ವಿಚಾರಣೆಗೆ ಕರೆಯುವ ಪ್ರಮೇಯವೇ ಬರುವುದಿಲ್ಲ.

2002-03ರ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ ನಮ್ಮ ದೇಶದ ಐದು ವರ್ಷದ ಮಕ್ಕಳಲ್ಲಿ ಅರ್ಧಕ್ಕಿಂತ ಹೆಚ್ಚಿನವರ ಹಲ್ಲು ಹುಳುಕಾಗಿತ್ತು. ಹಾಲುಹಲ್ಲು ಹುಳುಕಾದ ಮಕ್ಕಳು ಜಗತ್ತಿನಲ್ಲಿ ಸುಮಾರು 51.4 ಕೋಟಿ ಎಂದು ವಿಶ್ವ ಆರೋಗ್ಯ ಸಂಸ್ಥೆ 2022ರಲ್ಲಿ ಲೆಕ್ಕ ಕೊಟ್ಟಿತು. ಇಷ್ಟೊಂದು ಹುಳುಗಳಿಗೆ ಇನ್ನೂ ಪಡಿತರ ಚೀಟಿ ಕೊಟ್ಟಿಲ್ಲವೆಂಬುದೇ ಆಶ್ಚರ್ಯ. ಹುಳು ಎಂಬುದೇ ಇಲ್ಲ, ಹಲ್ಲಿಗಂಟಿದ ಸಿಹಿಯನ್ನು ಬ್ಯಾಕ್ಟೀರಿಯಾಗಳು ಆಮ್ಲವಾಗಿಸುತ್ತವೆ, ಆ ಆಮ್ಲ ಹಲ್ಲಿನ ಹೊರಪದರವನ್ನು ಕರಗಿಸುತ್ತದೆ ಎಂದು ದಂತವೈದ್ಯರು ಹೇಳುತ್ತಲೇ ಇದ್ದಾರೆ. ಆದರೆ ಸಕ್ಕರೆ ಹಾಕಿದ ಹಾಲಿನ ಬಾಟಲಿಯನ್ನು ಮಗುವಿನ ಬಾಯಿಗಿಟ್ಟು ಮಲಗಿಸುವ ಮನೆಯಲ್ಲಿ ಈ ಸಾಕ್ಷ್ಯಕ್ಕೆ ಬೆಲೆಯಿಲ್ಲ.

ಹುಳುವಿನ ವಾದ ಬಿದ್ದುಹೋದರೂ ಚಿಂತೆಯಿಲ್ಲ, ‘ಹಾಲುಹಲ್ಲು ತಾನೇ, ಹೇಗೂ ಬೀಳುತ್ತದೆ’ ಎಂಬ ಇನ್ನೊಂದು ವಾದ ಸಿದ್ಧವಾಗಿರುತ್ತದೆ. ಮಳೆಗಾಲಕ್ಕೆ ಹೇಗೂ ಕಿತ್ತುಹೋಗುವ ರಸ್ತೆಗೆ ಡಾಂಬರು ಏಕೆಂದು ಕೇಳುವ ಎಂಜಿನಿಯರನ ತರ್ಕವಿದು. ಹಾಲಿನ ದವಡೆಹಲ್ಲುಗಳು ಹತ್ತು–ಹನ್ನೆರಡು ವರ್ಷದವರೆಗೂ ದುಡಿಯಬೇಕು. ಅಷ್ಟರೊಳಗೆ, ಆರನೆಯ ವರ್ಷದ ಸುಮಾರಿಗೆ, ಯಾವ ಹಲ್ಲನ್ನೂ ಬೀಳಿಸದೆ ಹಿಂದುಗಡೆ ಸದ್ದಿಲ್ಲದೆ ಹುಟ್ಟುವ ಶಾಶ್ವತ ದವಡೆಹಲ್ಲನ್ನೂ ನಾವು ಹಾಲುಹಲ್ಲಿನ ಖಾತೆಗೇ ಜಮಾ ಮಾಡಿ ನೆಮ್ಮದಿಯಿಂದ ಕೊಳೆಯಲು ಬಿಡುತ್ತೇವೆ.

ಶಾಲೆಯೊಂದರ ದಂತ ತಪಾಸಣಾ ಶಿಬಿರಕ್ಕೆ ಹೋಗಿದ್ದೆ. ವೈದ್ಯೆ ಟಾರ್ಚ್ ಹಿಡಿದು ‘ಮೇಲೆ ಎರಡು, ಕೆಳಗೆ ಮೂರು’ ಎಂದು ಹುಳುಕು ಎಣಿಸುತ್ತಿದ್ದರು, ಪಕ್ಕದಲ್ಲಿದ್ದ ಹುಡುಗಿ ರಾಗಿಮೂಟೆಯ ಲೆಕ್ಕ ಬರೆಯುವವಳಂತೆ ತಲೆಯೆತ್ತದೆ ಬರೆದುಕೊಳ್ಳುತ್ತಿದ್ದಳು. ಕೊನೆಗೆ ವೈದ್ಯೆಗೆ ಶಾಲು ಹೊದಿಸಿ, ಮೈಸೂರುಪಾಕಿನ ಡಬ್ಬಿ ಕೈಗಿತ್ತು ಸನ್ಮಾನಿಸಲಾಯಿತು. ಬಳಿಕ ಅಧ್ಯಕ್ಷರು, ಅಳದೆ ಬಾಯಿ ತೆರೆದ ಧೀರರಿಗೆಂದು ತಲಾ ಎರಡು ಚಾಕೊಲೇಟುಗಳನ್ನು ಸ್ವಹಸ್ತದಿಂದ ಹಂಚಿದರು. ‘ಕೆಳಗೆ ಮೂರು’ ಎಂದು ದಾಖಲಾಗಿದ್ದ ಎರಡನೆಯ ತರಗತಿಯ ಹುಡುಗನೊಬ್ಬ ಎರಡನ್ನೂ ಒಟ್ಟಿಗೇ ಬಾಯಿಗೆ ಹಾಕಿಕೊಂಡು, ಒಮ್ಮೆ ಮುಖ ಕಿವುಚಿ, ನೋಯುವ ಬಲಗಡೆಯಿಂದ ಅವುಗಳನ್ನು ನಾಲಗೆಯಲ್ಲೇ ಎಡಗಡೆಗೆ ಸಾಗಿಸಿದ.