ಶೂ ಆಮೇಲೆ ತಗೊಳ್ಳಿ, ಮೊದಲು ಇಳಿಯೋದು ಕಲೀರಿ

ಮೊನ್ನೆ ಆಫೀಸಿನಲ್ಲಿ ಕಾಫಿ ಹೊತ್ತಿಗೆ ಹುಡುಗನೊಬ್ಬ ಮೊಬೈಲ್ ಹಿಡಿದುಕೊಂಡು ಬಂದ. “ಮೇಡಂ, ನಾನೂ ಟ್ರೇಲ್ ರನ್ನಿಂಗ್ ಶುರು ಮಾಡ್ಬೇಕು ಅಂತಿದ್ದೀನಿ. ಈ ಮೂರರಲ್ಲಿ ಯಾವ ಶೂ ತಗೊಳ್ಳಲಿ?” ಟ್ರೇಲ್ ರನ್ನಿಂಗ್ ಅಂದರೆ ಟಾರು ರಸ್ತೆ ಬಿಟ್ಟು ಬೆಟ್ಟ, ಕಾಡು, ತೋಟದ ದಾರಿಗಳಲ್ಲಿ ಓಡುವುದು. ಅವನು ತೋರಿಸಿದ ಮೂರೂ ಶೂ ಹನ್ನೆರಡು ಸಾವಿರದ ಮೇಲಿನವು. “ಚಾಮುಂಡಿ ಬೆಟ್ಟದ ಮೆಟ್ಟಿಲು ಕೊನೇ ಸಲ ಇಳಿದಿದ್ದು ಯಾವಾಗಪ್ಪ?” ಅಂದೆ. ತಲೆ ಕೆರೆದುಕೊಂಡ. ಹತ್ತಿದ್ದು ನೆನಪಿದೆ, ಇಳಿದದ್ದಿಲ್ಲ. ಮೈಸೂರಿನವರು ನಾವು ಹಾಗೇ. ಮೆಟ್ಟಿಲು ಹತ್ತಿ, ದೇವಿಗೆ ಕೈಮುಗಿದು, ಚುರುಮುರಿ ತಿಂದು, 201ನೇ ನಂಬರ್ ಬಸ್ಸಲ್ಲಿ ಕೆಳಗೆ ಬರುತ್ತೇವೆ.

ಅವನಿಗೆ ಅವತ್ತು ಕೊರೆದದ್ದನ್ನೇ ಇಲ್ಲಿ ಉದ್ದ ಮಾಡಿ ಬರೆಯುತ್ತಿದ್ದೇನೆ. ನಾನು ಕೋಚ್ ಅಲ್ಲ, ಪದಕ ಗೆದ್ದವಳೂ ಅಲ್ಲ. 41ಕ್ಕೆ ಓಡಲು ಶುರು ಮಾಡಿದವಳು, ಈಗ 47. ಫಲಿತಾಂಶದ ಪಟ್ಟಿಯನ್ನು ಕೆಳಗಿನಿಂದ ಓದಿದರೆ ಬೇಗ ಸಿಗುತ್ತೇನೆ. ಆದರೆ ಒಂದು ಸಲ ಚೆನ್ನಾಗಿ ಮಣ್ಣುಮುಕ್ಕಿದ್ದೇನೆ, ಆ ಅರ್ಹತೆಯ ಮೇಲೆ ಈ ಮಾತು.

ಮೂರು ವರ್ಷದ ಹಿಂದೆ ಚಿಕ್ಕಮಗಳೂರು ಕಡೆ, ಕಾಫಿ ತೋಟಗಳೊಳಗೆ, 50 ಕಿ.ಮೀ. ಓಟವೊಂದಕ್ಕೆ ಹೆಸರು ಕೊಟ್ಟಿದ್ದೆ. ತಯಾರಿ ಅಂದರೆ ನನ್ನ ತಲೆಯಲ್ಲಿ ಕಿಲೋಮೀಟರು ಅಷ್ಟೇ. ಕುಕ್ಕರಹಳ್ಳಿ ಕೆರೆ ಸುತ್ತಿದ್ದೇ ಸುತ್ತಿದ್ದು. ಓಟದ ದಿನ ಮೊದಲ ಏರು ಸಲೀಸಾಗಿ ಹತ್ತಿದೆ. ಆಮೇಲೆ ತೋಟದ ಜೀಪ್ ದಾರಿಯಲ್ಲಿ ಆರೇಳು ಕಿ.ಮೀ. ಇಳಿಜಾರು. ತಣ್ಣನೆ ಗಾಳಿ, ಎರಡೂ ಬದಿ ಸಿಲ್ವರ್ ಓಕ್, ಮೆಣಸಿನ ಬಳ್ಳಿ. ಬ್ರೇಕ್ ಇಲ್ಲದ ಸೈಕಲ್ಲಿನ ಹಾಗೆ ಬಿಟ್ಟೆ. ಹಿಂದೆ ಹಾಕಿದವರ ಲೆಕ್ಕ ಬೇರೆ ಇಟ್ಟುಕೊಂಡಿದ್ದೆ: ಹನ್ನೊಂದು ಜನ.

28ನೇ ಕಿ.ಮೀ. ಹೊತ್ತಿಗೆ ಎರಡೂ ತೊಡೆ ಮರದ ಹಲಗೆ. ಹತ್ತಲು ಆಗುತ್ತಿತ್ತು, ಇಳಿಯಲು ಆಗುತ್ತಿರಲಿಲ್ಲ. ಏಡಿಯ ಹಾಗೆ ಅಡ್ಡಡ್ಡ ಇಳಿಯುತ್ತಿದ್ದಾಗ ಹಿಂದಿನಿಂದ ತೋಟದ ಕೆಲಸದ ಹೆಂಗಸೊಬ್ಬರು ಬಂದರು. ತಲೆ ಮೇಲೆ ಸೌದೆ ಹೊರೆ, ಕಾಲಲ್ಲಿ ಹವಾಯಿ ಚಪ್ಪಲಿ. “ಎಂತಾಯ್ತಮ್ಮ, ಕಾಲು ಉಳುಕಿತಾ?” ಅಂತ ಕೇಳಿ, ನನ್ನ ಉತ್ತರ ಮುಗಿಯುವಷ್ಟರಲ್ಲಿ ಮುಂದಿನ ತಿರುವಿನಲ್ಲಿದ್ದರು. ಮರೆಯಾಗುವ ತನಕ ಅವರ ಕಾಲನ್ನೇ ನೋಡಿದೆ. ಪುಟ್ಟ ಹೆಜ್ಜೆ, ಬೇಗಬೇಗ. ಮಂಡಿ ಸ್ವಲ್ಪ ಬಗ್ಗಿದೆ. ಮೈ ಹಿಂದಕ್ಕೆ ವಾಲಿಲ್ಲ. ಆ ಹನ್ನೊಂದು ಜನರೂ ಒಬ್ಬೊಬ್ಬರಾಗಿ ನನ್ನನ್ನು ದಾಟಿದರು. 34ನೇ ಕಿ.ಮೀ.ಯಲ್ಲಿ ನೀರಿಟ್ಟಿದ್ದ ಮೇಜಿನ ಪಕ್ಕ ಒಂದು ಕಲ್ಲಿನ ಮೇಲೆ ಕೂತವಳು ಏಳಲಿಲ್ಲ. ಜೀಪಿನಲ್ಲಿ ವಾಪಸ್.

ಮೈಗೆ ಆದದ್ದೇನು ಅಂತ ಆಮೇಲೆ ಓದಿ ತಿಳಿದುಕೊಂಡೆ. ಹತ್ತುವಾಗ ತೊಡೆಯ ಸ್ನಾಯು ಕುಗ್ಗುತ್ತಾ ಕೆಲಸ ಮಾಡುತ್ತದೆ. ಇಳಿಯುವಾಗ ಅದೇ ಸ್ನಾಯು ಎಳೆಯಲ್ಪಡುತ್ತಲೇ ಮೈಭಾರಕ್ಕೆ ಬ್ರೇಕ್ ಹಾಕಬೇಕು. ಉಸಿರು ಕಟ್ಟುವುದಿಲ್ಲ, ಎದೆ ಬಡಿದುಕೊಳ್ಳುವುದಿಲ್ಲ, ಹಾಗಾಗಿ ಸುಖವಾಗಿದ್ದೇನೆ ಅಂದುಕೊಳ್ಳುತ್ತೇವೆ. ಒಳಗೆ ಸ್ನಾಯುವಿನ ಎಳೆಗಳು ಸಣ್ಣಸಣ್ಣದಾಗಿ ಹರಿಯುತ್ತಿರುತ್ತವೆ. ಎರಡನೇ ದಿನ, ಮೂರನೇ ದಿನ ಕಮೋಡಿನ ಮೇಲೆ ಕೂರುವಾಗ ಗೋಡೆ ಹಿಡಿಯಬೇಕಾಗುವುದು ಇದಕ್ಕೇ. ಸಮಾಧಾನದ ವಿಷಯ ಏನೆಂದರೆ, ಸ್ನಾಯು ಈ ಪಾಠವನ್ನು ಬೇಗ ಕಲಿಯುತ್ತದೆ, ಬೇಗ ಮರೆಯುವುದೂ ಇಲ್ಲ. ಒಂದು ಸಲ ಹದವಾಗಿ ಇಳಿದು ನೋವು ತಿಂದರೆ, ಮುಂದಿನ ಕೆಲವು ವಾರ ಅಷ್ಟೇ ಇಳಿಜಾರು ಅಷ್ಟು ನೋಯಿಸುವುದಿಲ್ಲ. ಕೆರೆ ಸುತ್ತ ಸಾವಿರ ಕಿ.ಮೀ. ಓಡಿದರೂ ಈ ಪಾಠ ಸಿಗದು.

ಹಾಗಾಗಿ ಈಗ ನನ್ನ ಅಭ್ಯಾಸದ ನಡುಗಂಬ ಚಾಮುಂಡಿ ಬೆಟ್ಟ. ಸಾವಿರ ಮೆಟ್ಟಿಲು, ಸುಮಾರು 250 ಮೀಟರ್ ಏರಿಕೆ. ಮೊದಲ ತಿಂಗಳು ವಾರಕ್ಕೆ ಒಂದೇ ಸಲ, ಹತ್ತುವುದು ಪೂರ್ತಿ ನಡಿಗೆ, ಇಳಿಯುವುದು ಮೆಲ್ಲಗೆ ಓಟ. ಆಮೇಲೆ ಎರಡು ಸುತ್ತು, ಮೂರು ಸುತ್ತು. ಓಟಕ್ಕೆ ಮೂರು ವಾರ ಇರುವಾಗ ನಾಲ್ಕು, ಅಂದರೆ 1000 ಮೀಟರ್ ಹತ್ತಿ 1000 ಮೀಟರ್ ಇಳಿದಂತೆ. ಮೆಟ್ಟಿಲುಗಳು ಒಂದೊಂದು ಒಂದೊಂದು ಅಳತೆ, ಅದೇ ಅದರ ಸೊಗಸು: ಕಣ್ಣು ಮೂರ್ನಾಲ್ಕು ಮೆಟ್ಟಿಲು ಮುಂದೆ ಇರಬೇಕು, ಕಾಲು ತನ್ನ ಜಾಗ ತಾನೇ ಹುಡುಕಿಕೊಳ್ಳಬೇಕು. ಆಷಾಢ ಶುಕ್ರವಾರ ಮಾತ್ರ ಆ ಕಡೆ ಓಡಲು ಹೋಗಬೇಡಿ. ಮೆಟ್ಟಿಲು ಮೆಟ್ಟಿಲಿಗೂ ಅರಿಶಿನ ಕುಂಕುಮ ಹಚ್ಚುತ್ತಾ ಹತ್ತುವವರ ನಡುವೆ ಬಣ್ಣಬಣ್ಣದ ಡ್ರೈಫಿಟ್ ಹಾಕಿಕೊಂಡು ಧಡಧಡ ಇಳಿಯುವುದು ಅಧಿಕಪ್ರಸಂಗ, ಜಾರುವುದೂ ಖಂಡಿತ. ನಸುಕಿನಲ್ಲಿ ಒಬ್ಬರೇ ಹೋಗುವುದೂ ಬೇಡ, ಬೆಟ್ಟದಲ್ಲಿ ಚಿರತೆಗಳಿವೆ.

ನಡೆಯುವುದೆಂದರೆ ಸೋಲು ಅನ್ನುವ ರಸ್ತೆ ಓಟಗಾರರ ಜಂಬ ಇಲ್ಲಿ ಕೆಲಸಕ್ಕೆ ಬಾರದು. ಕಡಿದಾದ ಏರಿನಲ್ಲಿ ದೊಡ್ಡ ದೊಡ್ಡ ಓಟಗಾರರೇ ತೊಡೆ ಮೇಲೆ ಕೈಯೂರಿ ನಡೆಯುತ್ತಾರೆ. ಕಿ.ಮೀ.ಗೆ ಎಷ್ಟು ನಿಮಿಷ ಅಂತ ಗಡಿಯಾರ ನೋಡುವುದನ್ನು ಬಿಟ್ಟು, ಎಷ್ಟು ಹೊತ್ತು ಕಾಲ ಮೇಲಿದ್ದೆ, ಎಷ್ಟು ಹತ್ತಿದೆ ಅಂತ ಬರೆದುಕೊಳ್ಳಿ. 100 ಮೀಟರ್ ಏರಿಕೆಯನ್ನು ಸಪಾಟಾದ 1 ಕಿ.ಮೀ.ಗೆ ಸಮ ಎಂದು ಹಿಡಿಯುವುದು ಈ ಆಟದ ರೂಢಿ. ಅಂತರರಾಷ್ಟ್ರೀಯ ಟ್ರೇಲ್ ರನ್ನಿಂಗ್ ಸಂಸ್ಥೆ ಐಟಿಆರ್‌ಎ ಕೂಡ ಓಟಗಳನ್ನು ಇದೇ ತಕ್ಕಡಿಯಲ್ಲಿ ತೂಗುತ್ತದೆ. ನನ್ನ ಆ 50 ಕಿ.ಮೀ.ನಲ್ಲಿ 1500 ಮೀಟರ್ ಏರಿಕೆ ಇತ್ತು. ಅಂದರೆ ನಾನು ಹೋದದ್ದು 65 ಕಿ.ಮೀ. ಓಡಲು, ಅದೂ ಗೊತ್ತಿಲ್ಲದೆ. ವಾರದ ಮಿಕ್ಕ ಓಟಗಳೆಲ್ಲ ಪಕ್ಕದವರ ಜೊತೆ ಅತ್ತೆ ಮನೆ ಕಥೆ ಹೇಳಿಕೊಂಡು ಓಡುವಷ್ಟು ನಿಧಾನ ಇರಲಿ. ಮಾತು ತುಂಡಾದರೆ ಜೋರಾಯಿತು ಅಂತ ಅರ್ಥ.

ಈಗ ಹೊಟ್ಟೆಯ ವಿಷಯ. ನನಗೆ ಜಗಳ ಇರುವುದೇ ಇಲ್ಲಿ.

ಆ ದಿನ ತೊಡೆಯ ಜೊತೆ ಹೊಟ್ಟೆಯೂ ಕೈಕೊಟ್ಟಿತ್ತು. ಅಂಗಡಿಯಿಂದ ತಂದ, ಅಲ್ಲಿಯವರೆಗೆ ಒಂದು ಸಲವೂ ರುಚಿ ನೋಡಿರದ ಜೆಲ್ (ಓಟದ ನಡುವೆ ಹೀರಲು ಪೊಟ್ಟಣದಲ್ಲಿ ಬರುವ ಗಟ್ಟಿ ಸಕ್ಕರೆ ಪಾಕ) ಮೂರು, ಸಾಲದ್ದಕ್ಕೆ ನೀರಿಲ್ಲದೆ ನುಂಗಿದ್ದೆ. ಗಂಟಲಲ್ಲೇ ನಿಂತು ಓಕರಿಕೆ ಬಂತು. ಆಮೇಲೆ ಏನೂ ತಿನ್ನದೆ ಬರೀ ನೀರು ಕುಡಿದೆ. ಮೈಯೊಳಗಿನ ಸಕ್ಕರೆ ದಾಸ್ತಾನು, ಅಂದರೆ ಗ್ಲೈಕೋಜನ್, ಸ್ನಾಯು ಲಿವರ್ ಎರಡೂ ಸೇರಿ ಸುಮಾರು 500 ಗ್ರಾಂ. 2000 ಕ್ಯಾಲೊರಿ ಅಂದುಕೊಳ್ಳಿ. ಬೆಟ್ಟದಲ್ಲಿ ಇಡೀ ದಿನ ಕಳೆಯುವವರಿಗೆ ಇದು ಯಾವ ಮೂಲೆಗೆ? ಕೊಬ್ಬು ಎಷ್ಟು ಬೇಕಾದರೂ ಇದೆ, ನನ್ನಲ್ಲಂತೂ ಧಾರಾಳ, ಆದರೆ ಅದು ಹಸಿ ಸೌದೆ, ಮೆಲ್ಲಗೆ ಉರಿಯುತ್ತದೆ. ಹಾಗಾಗಿ ಗಂಟೆಗೆ 30ರಿಂದ 60 ಗ್ರಾಂ ಪಿಷ್ಟ ಅಥವಾ ಸಕ್ಕರೆ ಒಳಗೆ ಹೋಗುತ್ತಿರಬೇಕು. ಹಸಿವಾದಾಗ ತಿನ್ನುತ್ತೇನೆ ಅಂದರೆ ತಡವಾಯಿತು. ಮೊದಲ ಅರ್ಧ ಗಂಟೆಯಿಂದಲೇ ಶುರು.

ಇಲ್ಲಿ ಎರಡು ಪಂಗಡ ಇವೆ. ಒಂದು, ವಿದೇಶಿ ಜೆಲ್ ಇಲ್ಲದಿದ್ದರೆ ಓಟವೇ ಇಲ್ಲ ಅನ್ನುವವರು. ಇನ್ನೊಂದು, ‘ಹಿಟ್ಟು ತಿಂದವ ಬೆಟ್ಟ ಕಿತ್ತಿಟ್ಟ’ ಅಂತ ಗಾದೆ ಹೇಳಿ ರಾಗಿಮುದ್ದೆಯಲ್ಲೇ ಎಲ್ಲ ಇದೆ ಅನ್ನುವವರು. ನಾನು ಎರಡನೇ ಪಂಗಡದಲ್ಲೂ ಸ್ವಲ್ಪ ದಿನ ಇದ್ದೆ. ಬೆಳಗ್ಗೆ ನಾಲ್ಕಕ್ಕೆ ಎದ್ದು ಮುದ್ದೆ ತಿರುವಿ ಉಂಡು ಹೋದ ದಿನ ನಂದಿ ವಿಗ್ರಹ ದಾಟುವಷ್ಟರಲ್ಲಿ ಹೊಟ್ಟೆ ಗುಡುಗುಡು, ಮುಂದಿನದನ್ನು ಬರೆಯುವುದಿಲ್ಲ. ರಾಗಿಯಲ್ಲಿ ನಾರು ಹೆಚ್ಚು, ನಿಧಾನಕ್ಕೆ ಕರಗುತ್ತದೆ. ಮನೆಯಲ್ಲಿ ಅದು ಗುಣ, ಬೆಟ್ಟದಲ್ಲಿ ತೊಂದರೆ. ಹಿಂದಿನ ದಿನ ಮಧ್ಯಾಹ್ನ ಉಣ್ಣಿ, ಯಾರು ಬೇಡ ಅಂದರು? ಓಟದ ದಿನ ಎರಡು ಮೂರು ಗಂಟೆ ಮುಂಚೆ ನಾಲ್ಕು ಇಡ್ಲಿ ಸಾಕು, ಚಟ್ನಿ ಕಡಿಮೆ.

ನನ್ನ ಪಕ್ಷ ಗ್ರಾಂ ಲೆಕ್ಕದ್ದು. ಒಂದು ಜೆಲ್‌ನಲ್ಲಿ 20ರಿಂದ 25 ಗ್ರಾಂ ಸಕ್ಕರೆ. ಒಂದು ಪಚ್ಚಬಾಳೆಯಲ್ಲೂ ಸುಮಾರು ಅಷ್ಟೇ. ಏಲಕ್ಕಿ ಬಾಳೆಯಾದರೆ ಎರಡು. ಬೇಯಿಸಿದ ಅನ್ನ 100 ಗ್ರಾಂಗೆ 28 ಗ್ರಾಂ ಪಿಷ್ಟ, ಹಾಗಾಗಿ ಖಾರ ಎಣ್ಣೆ ಇಲ್ಲದ, ಉಪ್ಪು ನಿಂಬೆಹುಳಿ ಹಾಕಿದ ಅನ್ನದ ಉಂಡೆ ಒಳ್ಳೆಯ ಮಾಲು. ಪುಳಿಯೋಗರೆ ಬೇಡ, ನಾಲ್ಕನೇ ಗಂಟೆಯಲ್ಲಿ ಎದೆ ಉರಿಯುತ್ತದೆ. ಬೇಯಿಸಿ ಉಪ್ಪು ಸವರಿದ ಆಲೂಗಡ್ಡೆ ನನ್ನ ಅಚ್ಚುಮೆಚ್ಚು. ಕಡಲೆ ಮಿಠಾಯಿ ಮೊದಲ ಗಂಟೆಗೆ ಸರಿ, ಆಮೇಲೆ ಬಾಯಿ ಒಣಗಿ ಹಲ್ಲಿಗೆ ಅಂಟಿ ಪ್ರಾಣ ತಿನ್ನುತ್ತದೆ. ಕಡಲೆಯ ಕೊಬ್ಬೂ ಹೊಟ್ಟೆಯಲ್ಲೇ ಕೂರುತ್ತದೆ. ಅಗಿಯಲು ತ್ರಾಣವೇ ಇಲ್ಲದ ಕೊನೆಯ ಹತ್ತು ಕಿ.ಮೀ.ಗೆ ಜೆಲ್ ಇಟ್ಟುಕೊಳ್ಳುತ್ತೇನೆ, ಅದರಲ್ಲಿ ನಾಚಿಕೆ ಏನಿಲ್ಲ.

ನನಗೆ ಬೆರಗು ಹುಟ್ಟಿಸಿದ್ದು ಮಾತ್ರ ಪಾನಕ. ದುಬಾರಿ ಕ್ರೀಡಾ ಪೇಯಗಳ ಸಕ್ಕರೆ ಹದ ಸಾಮಾನ್ಯವಾಗಿ 6ರಿಂದ 8 ಶೇಕಡಾ. ಅದಕ್ಕಿಂತ ಗಟ್ಟಿಯಾದರೆ ಹೊಟ್ಟೆಯಿಂದ ಮುಂದೆ ಹೋಗುವುದು ನಿಧಾನ. ಒಂದು ಲೀಟರ್ ನೀರಿಗೆ 60 ಗ್ರಾಂ ಬೆಲ್ಲ ಕರಗಿಸಿದರೆ ನೀವು ಹೆಚ್ಚುಕಡಿಮೆ ಆ ಹದದಲ್ಲೇ ಇದ್ದೀರಿ. ಇನ್ನೊಂದು ಸೊಗಸು ಕೇಳಿ. ಗ್ಲೂಕೋಸ್ ಒಂದನ್ನೇ ಕೊಟ್ಟರೆ ಕರುಳು ಗಂಟೆಗೆ 60 ಗ್ರಾಂ ಹೀರಿ ಸುಸ್ತಾಗುತ್ತದೆ. ಫ್ರಕ್ಟೋಸಿಗೆ ಬೇರೆಯೇ ಬಾಗಿಲು ಇದೆ, ಎರಡನ್ನೂ ಬೆರೆಸಿ ಕೊಟ್ಟರೆ, ಅಭ್ಯಾಸ ಇರುವವರಿಗೆ, 90 ಗ್ರಾಂ ತನಕ ಹೋಗಬಹುದು. ಬೆಲ್ಲದಲ್ಲಿರುವುದು ಮುಖ್ಯವಾಗಿ ಸುಕ್ರೋಸ್, ಅದು ಒಡೆದರೆ ಅರ್ಧ ಗ್ಲೂಕೋಸ್, ಅರ್ಧ ಫ್ರಕ್ಟೋಸ್. ಆ ಒಂದು ಲೀಟರ್ ಬೆಲ್ಲದ ನೀರಿಗೆ ಅರ್ಧ ನಿಂಬೆಹಣ್ಣು, ಕಾಲು ಟೀ ಚಮಚ ಉಪ್ಪು (ಸೋಡಿಯಂ ಸುಮಾರು 600 ಮಿಲಿಗ್ರಾಂ). ಬಟ್ಟೆಯಲ್ಲಿ ಸೋಸಿ, ಇಲ್ಲದಿದ್ದರೆ ಬೆಲ್ಲದ ಕಸ ಬಾಟಲಿಯ ಮೂತಿಗೆ ಸಿಕ್ಕಿಕೊಳ್ಳುತ್ತದೆ. ರಾಮನವಮಿ ಪಾನಕದ ಮೆಣಸು ಶುಂಠಿ ಈ ಸಲಕ್ಕೆ ಬಿಡಿ.

ಎಳನೀರು ಉಪ್ಪಿನ ಬದಲಿ ಅಲ್ಲ. ಬೆವರಲ್ಲಿ ಮುಖ್ಯವಾಗಿ ಹೋಗುವುದು ಸೋಡಿಯಂ, ಎಳನೀರಲ್ಲಿ ಅದು ಕಡಿಮೆ, ಪೊಟ್ಯಾಸಿಯಂ ಧಾರಾಳ. ‘ಗಂಟೆಗೆ ಒಂದು ಲೀಟರ್ ಕುಡಿ’ ಅನ್ನುವವರ ಮಾತನ್ನೂ ಕೇಳಬೇಡಿ. ಬೆವರಿದ್ದಕ್ಕಿಂತ ಹೆಚ್ಚು ನೀರು ಕುಡಿದರೆ ರಕ್ತದ ಸೋಡಿಯಂ ತೆಳುವಾಗಿ ತಲೆಸುತ್ತು, ವಾಂತಿ, ಕೈಬೆರಳು ಊತ, ಕೊನೆಗೆ ಮಿದುಳೇ ಊದಿ ಪ್ರಾಣಕ್ಕೆ ಬರಬಹುದು. ಹೆಚ್ಚಾಗಿ ಇದು ನನ್ನಂಥ ನಿಧಾನದವರಿಗೇ, ಕುಡಿಯಲು ಸಮಯ ಬೇಕಾದಷ್ಟು ಇರುವುದರಿಂದ. ಬಾಯಾರಿದರೆ ಕುಡಿಯಿರಿ. ಓಟದ ನಡುವೆ ಮಂಡಿನೋವಿಗೆ ಐಬುಪ್ರೊಫೆನ್ ನುಂಗುವುದೂ ಬೇಡ. ನೀರು ಆರಿದ ಮೈಯಲ್ಲಿ ಆ ಮಾತ್ರೆ ಮೂತ್ರಪಿಂಡಕ್ಕೆ ಪೆಟ್ಟು. ಇವೆಲ್ಲವನ್ನೂ ಓಟದ ದಿನ ಅಲ್ಲ, ಭಾನುವಾರದ ಉದ್ದ ಓಟಗಳಲ್ಲಿ ತಿಂದು ಕುಡಿದು ನೋಡಿ. ಹೊಟ್ಟೆಗೂ ತಾಲೀಮು ಬೇಕು.

ಸರಿ, ಶೂ. ಹುಡುಗ ಕಾಯುತ್ತಿದ್ದಾನೆ. ಶೂ ಬೇಡವೇ ಬೇಡ ಅನ್ನುವ ವಾದವೂ ಇದೆ. ಅವರು ಎತ್ತುವ ಉದಾಹರಣೆ 1993ರದ್ದು: ಅಮೆರಿಕದ ಕೊಲೊರಾಡೊದಲ್ಲಿ ಲೆಡ್‌ವಿಲ್ 100 ಮೈಲಿ ಓಟವನ್ನು ಮೆಕ್ಸಿಕೋದ ತಾರಾಹುಮಾರಾ ಬುಡಕಟ್ಟಿನ ವಿಕ್ಟೋರಿಯಾನೊ ಚುರೊ, 55ನೇ ವಯಸ್ಸಿನಲ್ಲಿ, ಹಳೇ ಟೈರಿನ ಅಟ್ಟೆಯ ಚಪ್ಪಲಿಯಲ್ಲಿ ಗೆದ್ದರು. ನಿಜ. ಆದರೆ ಅವರು ಕಣಿವೆಯಲ್ಲಿ ಹುಟ್ಟಿ ಬೆಳೆದವರು, ನಾವು ಕುರ್ಚಿಯಲ್ಲಿ. ಆ ತೋಟದ ಹೆಂಗಸಿನ ಹವಾಯಿ ಚಪ್ಪಲಿಗೂ ಇದೇ ಮಾತು. ನಮ್ಮಂಥವರಿಗೆ ಅಡಿಯಲ್ಲಿ 4ರಿಂದ 5 ಮಿ.ಮೀ. ಹಲ್ಲುಗಳಿರುವ, ಮುಂಭಾಗ ಅಗಲವಾದ ಒಂದು ಸಾಧಾರಣ ಟ್ರೇಲ್ ಶೂ ಸಾಕು. ಅರ್ಧ ಸೈಜ್ ದೊಡ್ಡದು ತಗೊಳ್ಳಿ, ಸಂಜೆ ಹೊತ್ತು ಕಾಲು ಊದಿರುವಾಗ ಹಾಕಿ ನೋಡಿ. ಇಳಿಯುವಾಗ ಬೆರಳು ಮುಂದಕ್ಕೆ ಬಡಿದರೆ ಉಗುರು ಕಪ್ಪಾಗಿ ಉದುರುತ್ತದೆ. ಪಾಚಿ ಕಟ್ಟಿದ ಒದ್ದೆ ಬಂಡೆಯ ಮೇಲೆ ಯಾವ ಶೂ ಕೂಡ ನಿಲ್ಲುವುದಿಲ್ಲ, ಅಲ್ಲಿ ಕೂತು ಇಳಿಯಿರಿ. ಹತ್ತಿಯ ಕಾಲುಚೀಲ ಬೇಡ. ತೊಡೆಸಂದಿಗೆ ವ್ಯಾಸಲೀನ್. ಮಲೆನಾಡಿನ ಮಳೆಗಾಲದ ಇಂಬಳದ (ಜಿಗಣೆ) ಕಾಟಕ್ಕೆ ಉದ್ದ ಕಾಲುಚೀಲ, ಒಂದು ಚಿಟಿಕೆ ಉಪ್ಪು ಅಥವಾ ಹೊಗೆಸೊಪ್ಪಿನ ಪುಡಿ. ತೋಟದವರನ್ನು ಕೇಳಿದರೆ ಸುಣ್ಣ ಅನ್ನುತ್ತಾರೆ.

ದುಡ್ಡು ಉಳಿದರೆ ಮಳೆ ಗಾಳಿ ತಡೆಯುವ ತೆಳು ಜಾಕೆಟ್ ಕೊಳ್ಳಿ. ಯಾರೂ ಇದರ ಬಗ್ಗೆ ಕೇಳುವುದಿಲ್ಲ. 2021ರ ಮೇ 22ರಂದು ಚೀನಾದ ಗಾನ್ಸು ಪ್ರಾಂತ್ಯದಲ್ಲಿ 100 ಕಿ.ಮೀ. ಬೆಟ್ಟದ ಓಟದ ನಡುವೆ ಹವೆ ಏಕಾಏಕಿ ತಿರುಗಿ, ಆಲಿಕಲ್ಲು ಗಾಳಿಗೆ ಮೈ ತಣ್ಣಗಾಗಿ 172 ಓಟಗಾರರಲ್ಲಿ 21 ಜನ ಸತ್ತರು. ಹೆಚ್ಚಿನವರ ಮೈಮೇಲೆ ಇದ್ದದ್ದು ಚಡ್ಡಿ, ಟಿ ಶರ್ಟ್. ಗಾಳಿ ತಡೆಯುವ ಜಾಕೆಟ್ ಕಡ್ಡಾಯ ಇರಲಿಲ್ಲ. ಒಬ್ಬ ಕುರಿಗಾಹಿ ತನ್ನ ಗುಹೆಮನೆಗೆ ಕರೆದೊಯ್ದು ಬೆಂಕಿ ಹಾಕಿ ಆರು ಜನರನ್ನು ಉಳಿಸಿದ. ಕುಮಾರಪರ್ವತ 1712 ಮೀಟರ್, ನಮ್ಮಲ್ಲಿ ಅಷ್ಟು ಚಳಿ ಎಲ್ಲಿ ಅನ್ನಬಹುದು. ಮಳೆಯಲ್ಲಿ ನೆಂದು, ಸುಸ್ತಾಗಿ, ಓಟ ನಿಲ್ಲಿಸಿ, ಕಲ್ಲಿನ ಮೇಲೆ ಗಾಳಿಗೆ ಕೂತು ನೋಡಿ. ನಾನು ಜೀಪಿಗೆ ಕಾದದ್ದು ನಲವತ್ತು ನಿಮಿಷ, ಹಲ್ಲು ಕಟಕಟ ಅನ್ನುತ್ತಿತ್ತು. ಅಲ್ಲಿದ್ದ ಸ್ವಯಂಸೇವಕ ಹುಡುಗಿ ತನ್ನ ಸ್ವೆಟರ್ ಬಿಚ್ಚಿ ಕೊಟ್ಟಳು.

ಮರುವರ್ಷ ಅದೇ ದಾರಿಗೆ ಮತ್ತೆ ಹೋದೆ. ಆರೇಳು ಕಿ.ಮೀ.ನ ಆ ಇಳಿಜಾರಲ್ಲಿ ಪುಟುಪುಟು ಹೆಜ್ಜೆ ಇಟ್ಟೆ, ಒಬ್ಬರನ್ನೂ ಹಿಂದೆ ಹಾಕಲಿಲ್ಲ, ಇಪ್ಪತ್ತು ಜನ ನನ್ನನ್ನು ಹಿಂದೆ ಹಾಕಿದರು. 34ನೇ ಕಿ.ಮೀ.ಯ ಕಲ್ಲಿನ ಮೇಲೆ ಬೇರೆ ಯಾರೋ ಕೂತಿದ್ದರು, ಬೆಂಗಳೂರಿನವರಂತೆ, ಕಾಲಲ್ಲಿ ನಮ್ಮ ಹುಡುಗ ತೋರಿಸಿದ್ದಂಥದೇ ಶೂ. ಒಂದು ಆಲೂಗಡ್ಡೆ ಕೊಟ್ಟೆ, ಉಪ್ಪು ಸವರಿದ್ದು.