ಸೊಂಟನೋವಿಗೆ ಅಕ್ಯುಪಂಕ್ಚರ್ ನೆಚ್ಚಬಹುದೇ?

ಪರ

ಕಾಫಿ ಕೊಯ್ಲು ಮುಗಿಯುವ ಹೊತ್ತಿಗೆ ಮೂಡಿಗೆರೆ ಕಡೆಯ ಲೈನ್ ಮನೆಗಳಲ್ಲಿ, ಅಂದರೆ ತೋಟದ ಕೂಲಿಯವರ ಸಾಲುಮನೆಗಳಲ್ಲಿ, ಸೊಂಟ ಹಿಡಿದುಕೊಂಡು ನಡೆಯುವ ಹೆಂಗಸರು ಎಷ್ಟೋ ಮಂದಿ. ಬೆಳಗಿನಿಂದ ಸೊಂಟಕ್ಕೆ ಕಟ್ಟಿದ ಚೀಲ, ಇಳಿಜಾರಿನಲ್ಲಿ ಒಂದು ಕಾಲು ಮೇಲೆ ಒಂದು ಕಾಲು ಕೆಳಗೆ, ಸಂಜೆ ತಲೆ ಮೇಲೆ ಹಣ್ಣಿನ ಮೂಟೆ. ಇದಕ್ಕೆಲ್ಲ ಔಷಧವೆಂದರೆ ಮೆಡಿಕಲ್ ಶಾಪಿನ ನೋವಿನ ಮಾತ್ರೆ. ಡೈಕ್ಲೋಫೆನಾಕ್‌ನಂಥದ್ದನ್ನು ವರ್ಷಗಟ್ಟಲೆ ನುಂಗಿದರೆ ಹೊಟ್ಟೆಯಲ್ಲಿ ಹುಣ್ಣಾಗಬಹುದು, ಕಿಡ್ನಿಗೂ ಪೆಟ್ಟು ಬೀಳಬಹುದು. ಅಂಥವರಿಗೆ ಅಕ್ಯುಪಂಕ್ಚರ್, ಅಂದರೆ ಮೈಯ ಗೊತ್ತಾದ ಬಿಂದುಗಳಿಗೆ ಸಣ್ಣ ಸೂಜಿ ಚುಚ್ಚುವ ಚೀನೀ ಚಿಕಿತ್ಸೆಯ ದಾರಿಯೂ ಇದೆ ಎಂದು ಹೇಳಲು ನನಗೆ ಅಳುಕಿಲ್ಲ.

ಸುಮಾರು ಎರಡು ಸಾವಿರ ವರ್ಷದ ಹಿಂದಿನ ಚೀನೀ ವೈದ್ಯರ ಲೆಕ್ಕದಲ್ಲಿ ‘ಚೀ’ ಎಂಬ ಪ್ರಾಣಶಕ್ತಿ ಮೈಯಲ್ಲಿ ಮೆರಿಡಿಯನ್ ಎಂಬ ಹನ್ನೆರಡು ಮುಖ್ಯ ದಾರಿಗಳಲ್ಲಿ ಹರಿಯುತ್ತದೆ. ಅದು ಕಟ್ಟಿಕೊಂಡಲ್ಲಿ ನೋವು. ಸೂಜಿ ಆ ಕಟ್ಟು ಬಿಡಿಸುತ್ತದೆ. ಮೈ ಕೊಯ್ದು ನೋಡಿದರೆ ಈ ದಾರಿಗಳು ಸಿಗುವುದಿಲ್ಲ, ಒಪ್ಪುತ್ತೇನೆ. ಆದರೆ ಆ ವೈದ್ಯರ ಕೈಗೆ ಗೊತ್ತಿದ್ದದ್ದು ಸುಳ್ಳಲ್ಲ. ಮಂಡಿಚಿಪ್ಪಿನ ಕೆಳಗೆ ನಾಲ್ಕು ಬೆರಳು ಅಳೆದು, ಮೂಳೆಯ ಹೊರಮಗ್ಗುಲಿಗೆ ಒಂದು ಬೆರಳು ಸರಿದರೆ ‘ಜುಸಾನ್‌ಲಿ’ ಎಂಬ ಬಿಂದು. ಕಾಲು ಮಿಲಿಮೀಟರ್ ದಪ್ಪದ ಸೂಜಿಯನ್ನು ಅಲ್ಲಿ ಇಳಿಸಿ ಬೆರಳುಗಳ ನಡುವೆ ಮೆಲ್ಲಗೆ ತಿರುಗಿಸಿದಾಗ ಆಗುವುದು ಚುಚ್ಚಿದ ಉರಿಯಲ್ಲ. ಒಂದು ಬಗೆಯ ಭಾರ, ಜೋಮು ಹಿಡಿದಂಥ ಸೆಳೆತ.

2010ರಲ್ಲಿ ಅಮೆರಿಕದ ವಿಜ್ಞಾನಿಗಳು ಇಲಿಗಳಲ್ಲಿ ಇದೇ ಬಿಂದುವಿಗೆ ಸೂಜಿ ಹಾಕಿ ತಿರುಗಿಸಿದರು. ಸುತ್ತಲಿನ ಅಂಗಾಂಶದಲ್ಲಿ ಅಡಿನೊಸಿನ್ ಎಂಬ ನೋವು ತಗ್ಗಿಸುವ ರಾಸಾಯನಿಕ ಏರಿತು, ನೋವು ತಗ್ಗಿತು. ಅಡಿನೊಸಿನ್‌ಗೆ ಓಗೊಡುವ, ಜೀವಕೋಶದ ಮೇಲಿನ ಗ್ರಾಹಕ ಅಣುವೇ ಇಲ್ಲದ ಇಲಿಗಳಲ್ಲಿ ತಗ್ಗಲಿಲ್ಲ. ಇಲಿಗೆ ನಂಬಿಕೆ ಗಿಂಬಿಕೆ ಏನೂ ಇರುವುದಿಲ್ಲವಲ್ಲ!

ಮನುಷ್ಯರ ವಿಷಯಕ್ಕೆ ಬಂದರೆ, ಜರ್ಮನಿಯಲ್ಲಿ 1,162 ಸೊಂಟನೋವಿನ ರೋಗಿಗಳ ಮೇಲೆ ನಡೆದ ಅಧ್ಯಯನ 2007ರಲ್ಲಿ ಪ್ರಕಟವಾಯಿತು. ಮಾತ್ರೆ, ಫಿಸಿಯೋಥೆರಪಿ, ವ್ಯಾಯಾಮ ಪಡೆದವರಲ್ಲಿ ಆರು ತಿಂಗಳ ಬಳಿಕ ಚೇತರಿಕೆ ಕಂಡವರು ಶೇ. 27.4. ಸೂಜಿ ಹಾಕಿಸಿಕೊಂಡವರಲ್ಲಿ ಶೇ. 47.6. ನೋವು ತಿನ್ನುತ್ತಿರುವವಳಿಗೆ ಇದು ಸಣ್ಣ ವ್ಯತ್ಯಾಸವಲ್ಲ.

ವಿರೋಧ

ಜರ್ಮನಿಯ ಆ ಅಧ್ಯಯನದಲ್ಲಿ ಮೂರನೆಯ ಗುಂಪೂ ಇತ್ತು. ಅವರಿಗೆ ಯಾವ ಬಿಂದುವೂ ಅಲ್ಲದ ಜಾಗದಲ್ಲಿ, ಆಳಕ್ಕೆ ಇಳಿಸದೆ, ತಿರುಗಿಸದೆ, ಸುಮ್ಮನೆ ಮೇಲುಮೇಲೆ ಸೂಜಿ ಚುಚ್ಚಿದ್ದರು. ಅವರಲ್ಲಿ ಚೇತರಿಸಿಕೊಂಡವರು ಶೇ. 44.2. ಶಾಸ್ತ್ರೋಕ್ತ ಸೂಜಿಗೂ ಇದಕ್ಕೂ ಹೇಳಿಕೊಳ್ಳುವಂಥ ಅಂತರವಿಲ್ಲ. ನಾಲ್ಕು ಬೆರಳು ಅಳೆದರೂ ಒಂದೇ, ಅಳೆಯದಿದ್ದರೂ ಒಂದೇ ಎಂದಾದರೆ, ವಿಶ್ವ ಆರೋಗ್ಯ ಸಂಸ್ಥೆ ಪಟ್ಟಿ ಮಾಡಿದ 361 ಬಿಂದುಗಳ ಗತಿ ಏನು?

ಇಲಿಯ ಪ್ರಯೋಗವೂ ಈ ಪ್ರಶ್ನೆಗೆ ಉತ್ತರಿಸುವುದಿಲ್ಲ. ಅಂಗಾಂಶಕ್ಕೆ ಪೆಟ್ಟಾದರೆ ಅಡಿನೊಸಿನ್ ಏರುವುದು ಸಹಜ. ಚುಚ್ಚಿದರೆ ಮೈ ಸ್ಪಂದಿಸುತ್ತದೆ ಎಂಬುದಕ್ಕೆ ಅದು ಸಾಕ್ಷಿ, ಮೆರಿಡಿಯನ್‌ಗೆ ಸಾಕ್ಷಿಯಲ್ಲ.

ಹಾಗಾದರೆ ಜನರಿಗೆ ಸಿಕ್ಕ ನೆಮ್ಮದಿ ಸುಳ್ಳೇ? ಅಲ್ಲವೇ ಅಲ್ಲ. ವರ್ಷಗಟ್ಟಲೆ ನೋವು ತಿಂದವರನ್ನು ಅರ್ಧ ಗಂಟೆ ಮಲಗಿಸಿ, ಮುಟ್ಟಿ, ಎಲ್ಲಿ ನೋವು ಎಂದು ವಿಚಾರಿಸಿದರೆ ನೋವು ತಗ್ಗುತ್ತದೆ. ಸರಕಾರಿ ಆಸ್ಪತ್ರೆಯ ಸರತಿಯಲ್ಲಿ ಅವರಿಗೆ ಸಿಗದೇ ಹೋಗುವುದು ಇದೇ. ಅದು ನಮ್ಮ ವೈದ್ಯ ವ್ಯವಸ್ಥೆಯ ಕೊರತೆ. ಅದನ್ನು ತುಂಬಲು ‘ಚೀ’ ಬೇಕಿಲ್ಲ. ಯಾವ ಚಿಕಿತ್ಸೆ ಕೊಡಬೇಕೆಂದು ಮಾರ್ಗಸೂಚಿ ಹೊರಡಿಸುವ ಬ್ರಿಟನ್ನಿನ ನೈಸ್ ಸಂಸ್ಥೆ 2009ರಲ್ಲಿ ಸೊಂಟನೋವಿಗೆ ಅಕ್ಯುಪಂಕ್ಚರ್ ಶಿಫಾರಸು ಮಾಡಿ, ನಕಲಿ ಸೂಜಿಗಿಂತ ಮೇಲಲ್ಲವೆಂದು ಕಂಡ ಮೇಲೆ 2016ರಲ್ಲಿ ಕೈಬಿಟ್ಟಿತು.

ಜರ್ಮನಿಯವರು ವಾರಕ್ಕೆ ಎರಡರಂತೆ ಹತ್ತು ಸಲ ಸೂಜಿ ಹಾಕಿದ್ದರು. ಕೊಯ್ಲಿನ ಕಾಲದಲ್ಲಿ ಅಷ್ಟು ದಿನದ ಕೂಲಿ ಬಿಟ್ಟು ಬಸ್ಸು ಹತ್ತು ಎಂದು ಲೈನ್ ಮನೆಯ ಅಕ್ಕನಿಗೆ ಹೇಳುವುದು ಸುಲಭವಲ್ಲ. ಮೂಟೆಯನ್ನು ಅರ್ಧಕ್ಕಿಳಿಸಿ ಎಂದು ಕೆಲಸ ನೋಡಿಕೊಳ್ಳುವ ತೋಟದ ರೈಟರಿಗೆ ಹೇಳುವುದು ಹೆಚ್ಚು ನ್ಯಾಯ. ಎಲ್ಲಕ್ಕಿಂತ ನನ್ನ ಭಯ ತಡವಾಗುವುದರದ್ದು. ಸೊಂಟನೋವಿನ ಜೊತೆ ಕಾಲು ಸೋಲುತ್ತಿದ್ದರೆ, ತೊಡೆಸಂದಿ ಮರಗಟ್ಟಿದರೆ, ಮೂತ್ರ ಕಟ್ಟಿದರೆ ಬೆನ್ನುಹುರಿಯ ಕೆಳಗಿನ ನರಗಳು ಒತ್ತಿಹೋಗಿರಬಹುದು. ಆಗ ಸೂಜಿಯವರ ಬಳಿ ಹೋಗದೆ, ಅವತ್ತೇ ಹಾಸನದ ದೊಡ್ಡಾಸ್ಪತ್ರೆಗೆ ಹೋಗಬೇಕು.