ವಿಳಾಸದ ನಡುವಿನ ಮೂರು ಚುಕ್ಕಿ

ಕ್ರಿಪ್ಟೋದಲ್ಲಿ ಯಾರಾದರೂ ದುಡ್ಡು ಕಳೆದುಕೊಂಡ ಸುದ್ದಿ ಬಂದರೆ ಸಾಕು, ಕೆಳಗಡೆ ಕಾಮೆಂಟ್‌ಗಳಲ್ಲಿ ಒಂದೇ ರಾಗ: "ದುರಾಸೆಗೆ ಬಿದ್ದರು, ಅನುಭವಿಸಲಿ ಬಿಡಿ." ತಿಂಗಳಿಗೆ ದುಪ್ಪಟ್ಟು ಮಾಡಿಕೊಡ್ತೀವಿ ಅಂತ ಟೆಲಿಗ್ರಾಂ ಗ್ರೂಪಿಗೆ ಎಳೆಯುವ ಮೋಸಗಳ ಬಗ್ಗೆ ಈ ಮಾತು ಹೇಳಿದರೆ ಎಷ್ಟೋ ಜನ ಒಪ್ಪಬಹುದು. ನಾನು ಇವತ್ತು ಹೇಳಬೇಕು ಅಂದುಕೊಂಡಿರುವ ಮೋಸಕ್ಕೂ ಆಸೆಗೂ ಸಂಬಂಧವೇ ಇಲ್ಲ. ಇದರಲ್ಲಿ ದುಡ್ಡು ಕಳೆದುಕೊಂಡವರು ಯಾರಿಗೂ ಒಟಿಪಿ ಹೇಳಿರುವುದಿಲ್ಲ. ಗೊತ್ತಿಲ್ಲದ ಲಿಂಕ್ ಒತ್ತಿರುವುದಿಲ್ಲ. ವಾಲೆಟ್ಟಿನ, ಅಂದರೆ ಕ್ರಿಪ್ಟೋ ಇಟ್ಟುಕೊಳ್ಳುವ ಆ್ಯಪ್‌ನ, ಬೀಗ ತೆರೆಯುವ ಗುಟ್ಟಿನ ಪದಗಳನ್ನು ಯಾರಿಗೂ ಕೊಟ್ಟಿರುವುದಿಲ್ಲ. ತಮ್ಮದೇ ದುಡ್ಡನ್ನು, ತಮಗೆ ಗೊತ್ತಿರುವ ವಿಳಾಸಕ್ಕೇ ಕಳಿಸಲು ಹೋಗಿರುತ್ತಾರೆ. ಎಷ್ಟೋ ಸಲ, ಮೊದಲು ಸ್ವಲ್ಪ ಕಳಿಸಿ ಪರೀಕ್ಷೆ ಮಾಡೋಣ ಅಂದ ಹುಷಾರಿನವರೇ ಇದಕ್ಕೆ ಸಿಕ್ಕಿಬಿದ್ದಿದ್ದಾರೆ. ಅವರನ್ನು ಬೈಯುವ ಮುಂಚೆ ಇದು ಹೇಗೆ ನಡೆಯುತ್ತದೆ ಅಂತ ಒಂಚೂರು ನೋಡಿ.

ಇದಕ್ಕೆ ಅಡ್ರೆಸ್ ಪಾಯ್ಸನಿಂಗ್, ಅಂದರೆ ವಿಳಾಸಕ್ಕೆ ವಿಷ ಹಾಕುವುದು, ಅನ್ನುತ್ತಾರೆ. ಎಥೀರಿಯಂ ಅನ್ನುವುದು ಒಂದು ದೊಡ್ಡ ಕ್ರಿಪ್ಟೋ ಜಾಲ. ಅದರ ವಿಳಾಸ ನಮ್ಮ ಬ್ಯಾಂಕ್ ಖಾತೆ ನಂಬರ್ ಇದ್ದ ಹಾಗೆ: ಮೊದಲು ಸೊನ್ನೆ ಮತ್ತು ಎಕ್ಸ್, ಆಮೇಲೆ 40 ಅಕ್ಷರ. ಅದರಲ್ಲಿ ಅಂಕಿಗಳಿರುತ್ತವೆ, ಎ ಇಂದ ಎಫ್‌ವರೆಗಿನ ಇಂಗ್ಲಿಷ್ ಅಕ್ಷರಗಳಿರುತ್ತವೆ. ಹೆಸರಿಲ್ಲ, ಊರಿಲ್ಲ. ಇಷ್ಟುದ್ದದ್ದನ್ನು ಯಾರೂ ನೆನಪಿಟ್ಟುಕೊಳ್ಳುವುದಿಲ್ಲ. ಫೋನಿನ ಪರದೆಯಲ್ಲೂ ಜಾಗ ಸಾಲುವುದಿಲ್ಲ. ಹಾಗಾಗಿ ಹೆಚ್ಚಿನ ವಾಲೆಟ್ ಆ್ಯಪ್‌ಗಳು ಮೊದಲಿನ ಕೆಲವು ಅಕ್ಷರ, ಕೊನೆಯ ಕೆಲವು ಅಕ್ಷರ ತೋರಿಸಿ ನಡುವೆ ಮೂರು ಚುಕ್ಕಿ ಇಟ್ಟುಬಿಡುತ್ತವೆ. ನಮ್ಮ ಕಣ್ಣೂ ಅದಕ್ಕೇ ಒಗ್ಗಿಹೋಗಿದೆ. ಶುರು ಸರಿ ಇದೆಯಾ, ಕೊನೆ ಸರಿ ಇದೆಯಾ, ಆಯ್ತು ಕಳಿಸು.

ಕಳ್ಳರು ಕೈ ಹಾಕುವುದು ಇಲ್ಲೇ. ಬ್ಲಾಕ್‌ಚೈನ್‌ನಲ್ಲಿ, ಅಂದರೆ ಕ್ರಿಪ್ಟೋ ವಹಿವಾಟೆಲ್ಲ ದಾಖಲಾಗುವ ಬಹಿರಂಗ ಲೆಕ್ಕದ ಪುಸ್ತಕದಲ್ಲಿ, ಯಾವ ವಿಳಾಸದಿಂದ ಯಾವ ವಿಳಾಸಕ್ಕೆ ಎಷ್ಟು ಹೋಯಿತು ಅನ್ನುವುದು ಲೋಕಕ್ಕೆಲ್ಲ ಕಾಣುತ್ತದೆ. ನೀವು ಆಗಾಗ ದುಡ್ಡು ಕಳಿಸುವ ವಿಳಾಸವನ್ನು ಅವರ ಬಾಟ್, ಅಂದರೆ ತಾನಾಗಿ ಕೆಲಸ ಮಾಡುವ ಪ್ರೋಗ್ರಾಂ, ಗುರುತು ಹಾಕಿಕೊಳ್ಳುತ್ತದೆ. ಶುರು ಮತ್ತು ಕೊನೆ ಅದರಂತೆಯೇ ಇರುವ ಇನ್ನೊಂದು ವಿಳಾಸವನ್ನು ಹುಟ್ಟಿಸುತ್ತದೆ. ಆ ವಿಳಾಸದಿಂದ ನಿಮಗೆ ಚಿಲ್ಲರೆ ಮೊತ್ತ ಕಳಿಸುತ್ತದೆ. ಅಲ್ಲಿಗೆ ನಿಮ್ಮ ವಹಿವಾಟಿನ ಪಟ್ಟಿಯಲ್ಲಿ ಆ ನಕಲಿ ವಿಳಾಸವೂ ಬಂದು ಕೂತಿತು. ಮುಂದೊಂದು ದಿನ ನೀವು ಪಟ್ಟಿ ತೆಗೆದು, ಹಿಂದೆ ಕಳಿಸಿದ ವಿಳಾಸ ಇದೇ ಅಂದುಕೊಂಡು ಕಾಪಿ ಮಾಡುತ್ತೀರಿ. ಅವರು ಕಾಯುವುದು ಅದೊಂದಕ್ಕೇ.

2024ರ ಮೇ 3ರಂದು ನಡೆದದ್ದು ಕೇಳಿ. ದೊಡ್ಡ ಮೊತ್ತ ಇಟ್ಟಿದ್ದ ಒಬ್ಬರು ತಮ್ಮ ದುಡ್ಡನ್ನು ಬೇರೆ ವಿಳಾಸಕ್ಕೆ ಸಾಗಿಸಬೇಕಿತ್ತು. ಹುಷಾರಿನಿಂದ ಮೊದಲು 0.05 ಈಥರ್ (ಎಥೀರಿಯಂನ ನಾಣ್ಯ) ಮಾತ್ರ ಕಳಿಸಿ ನೋಡಿದರು. ಸರಿಯಾಗಿಯೇ ಹೋಯಿತು. ಅಷ್ಟರಲ್ಲಿ ಕಳ್ಳ ತನ್ನ ನಕಲಿ ಸಾಲನ್ನು ಪಟ್ಟಿಯೊಳಗೆ ತೂರಿಸಿದ್ದ. ಅಸಲಿ ವಿಳಾಸದ ಶುರುವಿನಲ್ಲಿ ಡಿ9ಎ1, ಕೊನೆಯಲ್ಲಿ 853ಎ91. ನಕಲಿಯದ್ದೂ ಶುರು ಡಿ9ಎ1, ಕೊನೆ 853ಎ91. ನಡುವಿನ ಮೂವತ್ತು ಅಕ್ಷರ ಬೇರೆ, ಆದರೆ ಅದನ್ನು ಯಾರು ನೋಡುತ್ತಾರೆ? 1,155 ಡಬ್ಲ್ಯುಬಿಟಿಸಿ, ಅಂದರೆ ಎಥೀರಿಯಂನಲ್ಲಿ ಓಡಾಡುವ ಬಿಟ್‌ಕಾಯಿನ್ ರೂಪ, ನೇರವಾಗಿ ಕಳ್ಳನ ಕೈಗೆ ಹೋಯಿತು. ಅಂದಿನ ಬೆಲೆಗೆ ಸುಮಾರು 6.8 ಕೋಟಿ ಡಾಲರ್. ನಮ್ಮ ಲೆಕ್ಕದಲ್ಲಿ 500 ಕೋಟಿ ರೂಪಾಯಿಗೂ ಮೇಲೆ. ಹತ್ತು ಪರ್ಸೆಂಟ್ ನೀನೇ ಇಟ್ಟುಕೋ, ಉಳಿದದ್ದು ವಾಪಸ್ ಕೊಡು ಅಂತ ಅವರು ಬ್ಲಾಕ್‌ಚೈನ್‌ನಲ್ಲೇ ಕಳ್ಳನಿಗೆ ಸಂದೇಶ ಕಳಿಸಿ ಬೇಡಿಕೊಂಡರು. ಕೆಲವು ದಿನಗಳ ಮಾತುಕತೆ ಆದಮೇಲೆ ದುಡ್ಡಿನ ಬಹುಪಾಲು ವಾಪಸ್ ಬಂತು. ಹೀಗೆ ವಾಪಸ್ ಬರುವುದು ತೀರಾ ಅಪರೂಪ.

2025ರ ಡಿಸೆಂಬರ್‌ನಲ್ಲಿ ಇನ್ನೊಬ್ಬರು ಪರೀಕ್ಷೆಗೆ ಅಂತ 50 ಯುಎಸ್‌ಡಿಟಿ (ಒಂದಕ್ಕೆ ಸುಮಾರು ಒಂದು ಡಾಲರ್ ಬೆಲೆಯ ಕ್ರಿಪ್ಟೋ) ಕಳಿಸಿದರು. ಸ್ವಲ್ಪ ಹೊತ್ತಿನಲ್ಲೇ ಉಳಿದ ಹೆಚ್ಚುಕಮ್ಮಿ 5 ಕೋಟಿ ಯುಎಸ್‌ಡಿಟಿಯನ್ನು ನಕಲಿ ವಿಳಾಸಕ್ಕೆ ಕಳಿಸಿಬಿಟ್ಟರು. ಆ ಎರಡರ ನಡುವಿನ ಸಣ್ಣ ಸಮಯದಲ್ಲೇ ಬಾಟ್ ಬಂದು ತನ್ನ ಕೆಲಸ ಮುಗಿಸಿತ್ತು. ಮೊದಲು ಸ್ವಲ್ಪ ಕಳಿಸಿ ನೋಡಿ ಅಂತ ನಾವೆಲ್ಲ ಬುದ್ಧಿ ಹೇಳ್ತೀವಿ ಅಲ್ವಾ? ಪರೀಕ್ಷೆ ಮಾಡಿದ ಮೇಲೆ ಎರಡನೇ ಸಲವೂ ಅದೇ ಮೂಲದಿಂದ ವಿಳಾಸ ತೆಗೆದುಕೊಳ್ಳಿ ಅಂತ ಹೇಳುವವರು ಕಡಿಮೆ. ಪಟ್ಟಿಯಿಂದ ಕಾಪಿ ಮಾಡಿದರೆ ಪರೀಕ್ಷೆ ಮಾಡಿದ್ದೇ ಕಳ್ಳನಿಗೆ ಸುಳಿವು ಕೊಟ್ಟ ಹಾಗೆ.

ಪೊಲೀಸರನ್ನೂ ಇದು ಬಿಟ್ಟಿಲ್ಲ. 2023ರಲ್ಲಿ ಅಮೆರಿಕದ ಮಾದಕ ವಸ್ತು ನಿಯಂತ್ರಣ ಸಂಸ್ಥೆ, ಅಂದರೆ ಡಿಇಎ, ತಾನು ಜಪ್ತಿ ಮಾಡಿದ್ದ ಕ್ರಿಪ್ಟೋವನ್ನು ಜಪ್ತಿಯಾದ ಆಸ್ತಿ ನೋಡಿಕೊಳ್ಳುವ ಅಲ್ಲಿನ ಮಾರ್ಷಲ್ಸ್ ಸರ್ವಿಸ್‌ಗೆ ಒಪ್ಪಿಸಬೇಕಿತ್ತು. ಅವರೂ ಮೊದಲು ಸುಮಾರು 45 ಡಾಲರ್ ಕಳಿಸಿ ಪರೀಕ್ಷೆ ಮಾಡಿದರು. ಮೊದಲ ಐದು, ಕೊನೆಯ ನಾಲ್ಕು ಅಕ್ಷರ ಹೊಂದುವ ನಕಲಿ ವಿಳಾಸ ಕೂಡಲೇ ತಯಾರಾಯಿತು. 55 ಸಾವಿರ ಡಾಲರ್ ಹೋಯಿತು. ಅಪರಾಧ ಪತ್ತೆ ಮಾಡುವುದೇ ಕೆಲಸವಾಗಿರುವವರ ಕಣ್ಣಿಗೇ ವ್ಯತ್ಯಾಸ ಕಾಣಲಿಲ್ಲ. ಅಂಥದ್ದರಲ್ಲಿ ಹೊರದೇಶದ ಕೆಲಸ ಮಾಡಿ ಯುಎಸ್‌ಡಿಟಿಯಲ್ಲಿ ಸಂಬಳ ತೆಗೆದುಕೊಳ್ಳುವ ನಮ್ಮ ಕಡೆಯ ಹುಡುಗನಿಗೆ ಎಲ್ಲಿಂದ ಕಾಣಬೇಕು?

ಇದಕ್ಕಿಂತ ಕೆಟ್ಟ ರೂಪವೊಂದಿದೆ. ಅದರಲ್ಲಿ ನೀವೇ ಕಳ್ಳನಿಗೆ ದುಡ್ಡು ಕಳಿಸಿದ್ದೀರಿ ಅನ್ನುವ ಹಾಗೆ ಪಟ್ಟಿಯಲ್ಲಿ ಕಾಣುತ್ತದೆ. ಇದು 2022ರ ಕೊನೆಯಲ್ಲಿ ಜೋರಾಯಿತು. ನಿಮ್ಮ ಟೋಕನ್ನನ್ನು, ಅಂದರೆ ಯುಎಸ್‌ಡಿಟಿಯಂಥ ಡಿಜಿಟಲ್ ನಾಣ್ಯವನ್ನು, ಬೇರೆಯವರು ಸಾಗಿಸಬೇಕಾದರೆ ನಿಮ್ಮ ಅನುಮತಿ ಬೇಕು. ಎಷ್ಟಕ್ಕೆ ಅನುಮತಿ ಕೊಟ್ಟಿದ್ದೀರೋ ಅದಕ್ಕಿಂತ ಜಾಸ್ತಿ ಸಾಗಿಸುವ ಹಾಗಿಲ್ಲ. ನೀವು ಅನುಮತಿಯನ್ನೇ ಕೊಟ್ಟಿಲ್ಲ ಅಂದರೆ ಆ ಮಿತಿ ಸೊನ್ನೆ. ಸೊನ್ನೆ ಮೊತ್ತವನ್ನು ಸಾಗಿಸಿದರೆ ನಿಯಮ ಮುರಿದಂತಾಗಲಿಲ್ಲವಲ್ಲ! ಹಾಗಾಗಿ ನಿಮ್ಮ ಸಹಿ ಇಲ್ಲದೆ, ನಿಮ್ಮ ವಿಳಾಸದಿಂದ ನಕಲಿ ವಿಳಾಸಕ್ಕೆ ಸೊನ್ನೆ ಯುಎಸ್‌ಡಿಟಿ ಹೋದಂತೆ ಒಂದು ಸಾಲು ದಾಖಲಾಗುತ್ತದೆ. ನೋಡುವವರಿಗೆ ಹಿಂದೆ ನಾನೇ ಕಳಿಸಿದ್ದು ಅನ್ನಿಸಿಬಿಡುತ್ತದೆ. ಯುಎಸ್‌ಡಿಟಿ ಅಂತಲೇ ಹೆಸರಿಟ್ಟುಕೊಂಡ ಬೆಲೆಯಿಲ್ಲದ ನಕಲಿ ಟೋಕನ್ ಬಳಸಿ, ನೀವು ನಿಜವಾಗಿ ಕಳಿಸಿದ ಮೊತ್ತವನ್ನೇ ಅಂಕಿ ತಪ್ಪದೆ ತೋರಿಸುವವರೂ ಇದ್ದಾರೆ.

ಹೋಲುವ ವಿಳಾಸ ಹುಟ್ಟಿಸುವುದು ಅಷ್ಟು ಸುಲಭವಾ ಅಂತ ಕೆಲವರು ಕೇಳುತ್ತಾರೆ. ಒಂದೊಂದು ಅಕ್ಷರಕ್ಕೆ 16 ಸಾಧ್ಯತೆ. ನಾಲ್ಕು ಅಕ್ಷರ ಹೊಂದಬೇಕಾದರೆ ಸರಾಸರಿ 65,536 ಸಲ ಪ್ರಯತ್ನ ಮಾಡಬೇಕು. ಎಂಟು ಹೊಂದಬೇಕಾದರೆ ಸುಮಾರು 429 ಕೋಟಿ ಸಲ. ಕೇಳಲು ದೊಡ್ಡದು, ಆದರೆ ಒಳ್ಳೆಯ ಗ್ರಾಫಿಕ್ಸ್ ಕಾರ್ಡಿಗೆ ಅದು ನಿಮಿಷಗಳ ಕೆಲಸ. 6.8 ಕೋಟಿ ಡಾಲರ್ ಪ್ರಕರಣದಲ್ಲಿ ಹತ್ತು ಅಕ್ಷರ ಹೊಂದಿಸಿದ್ದರು, ಅಂದರೆ ಲಕ್ಷ ಕೋಟಿಗೂ ಜಾಸ್ತಿ ಪ್ರಯತ್ನ. ನಲವತ್ತನ್ನೂ ಹೊಂದಿಸುವುದು ಮಾತ್ರ ಯಾರಿಂದಲೂ ಆಗದು. ಅಂದಮೇಲೆ ಈ ವಿಳಾಸದಲ್ಲಿ ಬಿಗಿಯಾದ ಭದ್ರತೆ ಇದ್ದೇ ಇದೆ. ಆ್ಯಪ್ ಮಾಡುವವರು ಅದನ್ನು ನಮ್ಮ ಕಣ್ಣಿಂದ ಮರೆಮಾಡುತ್ತಿದ್ದಾರೆ. ನನ್ನ ತಕರಾರು ಇರುವುದು ಇಲ್ಲೇ.

ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದ ಸಂಶೋಧಕರು 2022ರ ಜುಲೈಯಿಂದ 2024ರ ಜೂನ್‌ವರೆಗೆ ಎಥೀರಿಯಂ ಮತ್ತು ಅದರಂಥದ್ದೇ ಇನ್ನೊಂದು ಜಾಲವಾದ ಬೈನಾನ್ಸ್ ಸ್ಮಾರ್ಟ್ ಚೈನ್ ಎರಡನ್ನೂ ಜಾಲಾಡಿ ನೋಡಿದರು. 27 ಕೋಟಿ ಪ್ರಯತ್ನಗಳು ಸಿಕ್ಕವು. ಗುರಿಯಾದ ವಿಳಾಸಗಳು 1.7 ಕೋಟಿ. ದುಡ್ಡು ನಿಜವಾಗಿ ಹೋದದ್ದು 6,633 ಸಲ, ಕಡಿಮೆ ಅಂದರೂ 8.38 ಕೋಟಿ ಡಾಲರ್. ಇಷ್ಟು ದೊಡ್ಡ ಮಟ್ಟದಲ್ಲಿ ನಡೆಯುವುದನ್ನು ಬರೀ ಜನರ ಅಜಾಗರೂಕತೆ ಅಂತ ತಳ್ಳಿಹಾಕಲು ನನ್ನಿಂದ ಆಗುವುದಿಲ್ಲ.

ನಮ್ಮ ಯುಪಿಐ ನೋಡಿ. ನಂಬರ್ ಹಾಕಿದ ಕೂಡಲೇ ಆ ಕಡೆಯವರ ಹೆಸರು ಬರುತ್ತದೆ. ಎನ್‌ಇಎಫ್‌ಟಿ, ಆರ್‌ಟಿಜಿಎಸ್‌ಗಳಲ್ಲಿ ಹೆಸರು ತೋರಿಸದೇ ಇದ್ದ ಕೊರತೆಯನ್ನೂ ರಿಸರ್ವ್ ಬ್ಯಾಂಕ್ ಸರಿಪಡಿಸಲು ಹೊರಟು, 2025ರ ಏಪ್ರಿಲ್ 1ರೊಳಗೆ ಆ ಸೌಲಭ್ಯ ಕೊಡಿ ಅಂತ ಬ್ಯಾಂಕುಗಳಿಗೆ ಹೇಳಿತು. ಕ್ರಿಪ್ಟೋದಲ್ಲಿ ಹೆಸರು ತೋರಿಸಲು ಆಗುವುದಿಲ್ಲ, ಒಪ್ಪೋಣ. ಪೂರ್ತಿ ವಿಳಾಸ ತೋರಿಸಲು ಏನು ಅಡ್ಡಿ? ಎರಡು ಸಾಲು ಜಾಗ ಸಾಕು. ಹಿಂದೆ ಕಳಿಸಿದ ವಿಳಾಸವನ್ನು ಹೋಲುವ, ಆದರೆ ಬೇರೆಯದೇ ಆದ ವಿಳಾಸ ಬಂದಾಗ ಕೆಂಪು ಬಣ್ಣದಲ್ಲಿ ಎಚ್ಚರಿಸಲಿ. ಇದು ಆಗದ ಕೆಲಸ ಏನಲ್ಲ. ಎಥೀರಿಯಂ ವಹಿವಾಟು ನೋಡುವ ಈಥರ್‌ಸ್ಕ್ಯಾನ್ ತಾಣ ಸೊನ್ನೆ ಮೊತ್ತದ ಟೋಕನ್ ಸಾಲುಗಳನ್ನು 2023ರ ಏಪ್ರಿಲ್‌ನಲ್ಲೇ ತಾನಾಗಿ ಮರೆಮಾಡಲು ಶುರು ಮಾಡಿತು. ಮನಸ್ಸು ಮಾಡಿದರೆ ಆಗುತ್ತದೆ. ನಮ್ಮ ಸರ್ಕಾರ ಕ್ರಿಪ್ಟೋ ಲಾಭದ ಮೇಲೆ 2022ರಿಂದ 30% ತೆರಿಗೆ ಹಾಕುತ್ತಿದೆ. ತೆರಿಗೆ ಕಟ್ಟಿಸಿಕೊಳ್ಳುವವರು ಇಲ್ಲಿ ನೋಂದಣಿ ಮಾಡಿಸಿಕೊಂಡ ಎಕ್ಸ್‌ಚೇಂಜ್‌ಗಳಿಗಾದರೂ (ಕ್ರಿಪ್ಟೋ ಕೊಂಡು ಮಾರುವ ತಾಣಗಳು) ಪೂರ್ತಿ ವಿಳಾಸ ತೋರಿಸುವ, ಎಚ್ಚರಿಸುವ ನಿಯಮ ಹಾಕಬೇಕು ಅಂತ ನಾನು ಗಟ್ಟಿಯಾಗಿ ಹೇಳುತ್ತೇನೆ.

ಅಲ್ಲಿಯವರೆಗೆ ವಹಿವಾಟಿನ ಪಟ್ಟಿಯಿಂದ ವಿಳಾಸ ಕಾಪಿ ಮಾಡುವುದನ್ನು ಪೂರ್ತಿ ಬಿಟ್ಟುಬಿಡಿ. ಪದೇ ಪದೇ ಕಳಿಸುವ ವಿಳಾಸಗಳನ್ನು ಆ್ಯಪ್‌ನ ಅಡ್ರೆಸ್ ಬುಕ್ಕಿನಲ್ಲಿ ಹೆಸರು ಕೊಟ್ಟು ಉಳಿಸಿ, ಪ್ರತಿ ಸಲ ಅಲ್ಲಿಂದಲೇ ತೆಗೆದುಕೊಳ್ಳಿ. ಹಾರ್ಡ್‌ವೇರ್ ವಾಲೆಟ್ (ಕ್ರಿಪ್ಟೋ ಕೀಲಿ ಇಟ್ಟುಕೊಳ್ಳುವ ಪುಟ್ಟ ಸಾಧನ) ಇದ್ದರೆ ಅದರ ಪರದೆಯಲ್ಲಿ ಪೂರ್ತಿ ವಿಳಾಸ ಕಾಣುತ್ತದೆ. ಕಳಿಸುವ ಮುಂಚೆ ನಡುವಿನ ಅಕ್ಷರಗಳನ್ನೂ ಓದಿ. ಎಲ್ಲಿಂದಲೋ ಬಂದ ಚಿಲ್ಲರೆ ದುಡ್ಡನ್ನು, ಬಿಟ್ಟಿ ಟೋಕನ್ನನ್ನು ಸುಮ್ನೆ ಬಿಟ್ಟುಬಿಡಿ. ಅದು ಬಂದ ಮಾತ್ರಕ್ಕೆ ನಿಮ್ಮ ವಾಲೆಟ್ ಹ್ಯಾಕ್ ಆಗಿದೆ ಅಂತಲ್ಲ, ಗಾಬರಿ ಬೇಡ.

ದುಡ್ಡು ಹೋಗಿದ್ದು ಯುಎಸ್‌ಡಿಟಿ ಆಗಿದ್ದರೆ ಒಂದು ಸಣ್ಣ ದಾರಿ ಇದೆ. ಆ ಟೋಕನ್ ಹೊರಡಿಸುವ ಟೆದರ್ ಕಂಪನಿಗೆ ವಿಳಾಸವನ್ನು ತಡೆಹಿಡಿಯುವ ಶಕ್ತಿ ಇದೆ. 2023ರ ಆಗಸ್ಟ್‌ನಲ್ಲಿ ಹೀಗೇ 2 ಕೋಟಿ ಯುಎಸ್‌ಡಿಟಿ ಕದ್ದವನ ವಿಳಾಸವನ್ನು ಅವರು ಬೇಗನೆ ಫ್ರೀಜ್ ಮಾಡಿದ್ದರು. ಕಳ್ಳ ಅದನ್ನು ಬೇರೆ ಟೋಕನ್‌ಗೆ ಬದಲಾಯಿಸಿದ ಮೇಲೆ ಆ ದಾರಿಯೂ ಮುಚ್ಚುತ್ತದೆ. ಹಾಗಾಗಿ ನಾಚಿಕೆ ಪಟ್ಟು ಕೂರಬೇಡಿ. ಕೂಡಲೇ 1930ಕ್ಕೆ ಫೋನ್ ಮಾಡಿ, ಸೈಬರ್ ಕ್ರೈಮ್ ಪೋರ್ಟಲ್‌ನಲ್ಲಿ ದೂರು ಕೊಡಿ, ವಹಿವಾಟಿನ ಹ್ಯಾಶ್ (ಅದರ ಗುರುತಿನ ಸಂಖ್ಯೆ) ಮತ್ತು ಅಸಲಿ, ನಕಲಿ ಎರಡೂ ವಿಳಾಸಗಳನ್ನು ಬರೆದಿಡಿ. ನಿಮ್ಮ ದುಡ್ಡು ವಾಪಸ್ ತಂದುಕೊಡ್ತೀವಿ, ಮೊದಲು ಫೀಸ್ ಕಟ್ಟಿ ಅಂತ ಇನ್‌ಬಾಕ್ಸಿಗೆ ಬರುವವರಿಗೆ ಒಂದು ರೂಪಾಯಿಯನ್ನೂ ಕೊಡಬೇಡಿ.